ಗುರುಗಳು ದಿನಾ ಸೋಲುವ ಶಾಲೆ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಕೋಲನ್ನು ಮುಂದಿನ ಸಾಲಿನವರ ಕೈಗೆ ಕೊಡುತ್ತೇನೆ. ಒಬ್ಬೊಬ್ಬರೇ ಹಿಡಿದು ನೋಡಿ, ಹಿಂದಕ್ಕೆ ದಾಟಿಸಿ. ದಯವಿಟ್ಟು ಬೀಸಬೇಡಿ, ಪಕ್ಕದಲ್ಲಿ ಜನ ಇದ್ದಾರೆ. ಅಂಗೈಯಲ್ಲಿ ಉದ್ದಕ್ಕೂ ಒಂದು ಸಲ ಸವರಿದರೆ ಸಾಕು.

ಉದ್ದ ಸುಮಾರು 128 ಸೆಂಟಿಮೀಟರ್. ದಪ್ಪ 2.4 ಸೆಂಟಿಮೀಟರ್. ಜಪಾನಿನ ಹಳೆಯ ಅಳತೆಯಲ್ಲಿ 4 ಶಾಕು, 2 ಸುನ್, 1 ಬು. ಬಿಳಿ ಓಕ್ ಮರದ್ದು. ಇದಕ್ಕೆ ಅಲ್ಲಿ 'ಜೋ' ಅನ್ನುತ್ತಾರೆ. ಊರಲ್ಲಿ ನಮ್ಮ ದೊಡ್ಡಪ್ಪ ಇದನ್ನು ನೋಡಿ, "ದೊಣ್ಣೆವರಸೆ ಕೋಲಲ್ವೇನೋ ಇದು?" ಅಂದರು. ಹತ್ತಿರದ ಮಾತೇ. ಎರಡೂ ತುದಿ ಒಂದೇ ಥರ ಇದೆ ನೋಡಿ. ಹಿಡಿ ಇಲ್ಲ, ಅಲಗಿಲ್ಲ, ಮುಂದು ಹಿಂದು ಅಂತಿಲ್ಲ. ಎರಡು ಕಡೆಯೂ ಮರದ ಬಣ್ಣ ಸ್ವಲ್ಪ ಗಾಢವಾಗಿದೆ. ಅದಕ್ಕೆ ಪಾಲಿಶ್ ಹಾಕಿಲ್ಲ. ಆರು ವರ್ಷ ಕೈ ಜಾರಿ ಜಾರಿ, ಬೆವರು ಕುಡಿದು ಹಾಗಾಗಿದೆ.

ಕೆಲಸದ ಮೇಲೆ ನಾನು ಫುಕುಓಕಾದಲ್ಲಿದ್ದೆ. ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದ ಊರು ಅದು. ಅಲ್ಲಿ ಶಿಂದೋ ಮುಸೋ ರ್‍ಯೂ ಅನ್ನುವ ಹಳೆಯ ಕೋಲಿನ ಶಾಲೆಗೆ ಸೇರಿದೆ. ವಾಪಸ್ ಬಂದ ಮೇಲೆ ಹುಡುಗರು ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. ಬ್ಲ್ಯಾಕ್ ಬೆಲ್ಟ್‌ಗೆ ಎಷ್ಟು ವರ್ಷ ಸಾರ್? ಅಂಥಾ ಶಾಲೆಗೆ ಸೇರೋದು ಹೇಗೆ ಸಾರ್? ಮೊದಲನೆಯದಕ್ಕೆ ಉತ್ತರ ಚಿಕ್ಕದು: ಈ ಶಾಲೆಯಲ್ಲಿ ಬೆಲ್ಟ್ ಇಲ್ಲ. ಎರಡನೆಯದಕ್ಕೇ ಇವತ್ತಿನ ಇಡೀ ಮಾತು.

ಹಳೆಯ ಶಾಲೆ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮಗೆ ಗೊತ್ತಿರುವ ಜಪಾನಿ ವಿದ್ಯೆಗಳೆಲ್ಲ ಬಹುಪಾಲು ಹೊಸವು. ಕಾನೋ ಜಿಗೊರೋ ಜೂಡೋ ಶಾಲೆ ತೆರೆದಿದ್ದು 1882ರಲ್ಲಿ. ಕರಾಟೆ ಓಕಿನಾವಾ ದ್ವೀಪದಿಂದ ಟೋಕಿಯೋ ಕಡೆಗೆ ಬಂದು ಹರಡಿದ್ದು 1920ರ ದಶಕದಲ್ಲಿ. 1868ರಲ್ಲಿ ಶೋಗುನ್‌ಗಳ, ಅಂದರೆ ದೇಶ ಆಳುತ್ತಿದ್ದ ಸೇನಾಧಿಪತಿಗಳ ಆಳ್ವಿಕೆ ಮುಗಿಯಿತು. ಅದಕ್ಕೂ ಮೊದಲೇ ಹುಟ್ಟಿ, ಕೈಯಿಂದ ಕೈಗೆ ದಾಟಿ ಇಂದಿಗೂ ಉಳಿದಿರುವ ಶಾಲೆಗಳನ್ನು 'ಕೊರ್‍ಯೂ' ಅನ್ನುತ್ತಾರೆ. ಹಳೆಯ ಹರಿವು ಅಂತ ಅರ್ಥ. 1876ರಲ್ಲಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ನಿಷೇಧಿಸಿತು. ಕಲಿತವರಿಗೆ ಕೆಲಸವಿಲ್ಲ, ಕಲಿಯುವವರಿಗೆ ಕಾರಣವಿಲ್ಲ. ಎಷ್ಟೋ ಶಾಲೆಗಳು ಹಾಗೇ ಕಣ್ಣು ಮುಚ್ಚಿದವು. ಉಳಿದವು ಯಾರೋ ಒಬ್ಬಿಬ್ಬರ ಹಟದಿಂದ ಉಳಿದವು.

ನಮ್ಮ ಶಾಲೆಯ ಕತೆ ಒಂದು ಸೋಲಿನಿಂದ ಶುರುವಾಗುತ್ತದೆ. 17ನೇ ಶತಮಾನದ ಆರಂಭದಲ್ಲಿ ಮುಸೋ ಗೊನ್ನೊಸುಕೆ ಅನ್ನುವ ಯೋಧನಿದ್ದ. ಹೆಸರಾಂತ ಕತ್ತಿವೀರ ಮಿಯಾಮೊಟೊ ಮುಸಾಶಿಯ ಎದುರು ನಿಂತ, ಸೋತ. ಇದು ಹಳೆಯ ಬರಹಗಳಲ್ಲೂ ಇದೆ. ಮುಂದಿನದು ಶಾಲೆಯವರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದು. ಸೋತವನು ಊರೂರು ಅಲೆದು ಕೊನೆಗೆ ಕ್ಯೂಶೂಗೆ ಬಂದ. ಹೋಮನ್ ಬೆಟ್ಟದ ಮೇಲೆ 37 ದಿನ ಪ್ರಾರ್ಥನೆ ಮಾಡಿದ. ಕನಸಿನಲ್ಲಿ ಒಂದು ಮಗು ಬಂದು, "ದುಂಡು ಮರ ಹಿಡಿದು ಸುಇಗೆತ್ಸು ತಿಳಿ" ಅಂದಿತು. ಸುಇಗೆತ್ಸು ಅಂದರೆ ನೀರಿನಲ್ಲಿ ಕಾಣುವ ಚಂದ್ರ. ಎದೆಗೂಡಿನ ಕೆಳಗಿನ ಮೆತ್ತಗಿನ ಜಾಗಕ್ಕೂ ಅಲ್ಲಿ ಅದೇ ಹೆಸರು. ಅಲ್ಲಿಗೆ ತಿವಿದರೆ ಉಸಿರು ನಿಂತುಹೋಗುತ್ತದೆ. ಎರಡು ಅರ್ಥದಲ್ಲಿ ಯಾವುದು ಸರಿ ಅಂತ ನಾನು ಸೆನ್ಸೇ ಅವರನ್ನು, ಅಂದರೆ ಅಲ್ಲಿನ ನಮ್ಮ ಗುರುಗಳನ್ನು, ಕೇಳಿದ್ದೆ. "ಮೊದಲು ಹೊಟ್ಟೆಗೆ ಸರಿಯಾಗಿ ತಿವಿಯೋದು ಕಲಿ. ಚಂದ್ರ ಆಮೇಲೆ ನೋಡೋಣ" ಅಂದರು.

ಗೊನ್ನೊಸುಕೆ ಈ ಅಳತೆಯ ಕೋಲು ಮಾಡಿಕೊಂಡು ಮುಸಾಶಿಯನ್ನು ಮತ್ತೆ ಎದುರಿಸಿದ, ಈ ಸಲ ಗೆದ್ದ, ಆದರೆ ಅವನ ಪ್ರಾಣ ತೆಗೆಯಲಿಲ್ಲ ಅನ್ನುತ್ತಾರೆ. ನಡೆಯಿತೋ ಇಲ್ಲವೋ, ಶಾಲೆ ತನ್ನ ಬಗ್ಗೆ ಏನು ನಂಬಿಕೊಂಡಿದೆ ಅನ್ನುವುದು ಇದರಲ್ಲಿ ತಿಳಿಯುತ್ತದೆ. ಗಾಯ ಮಾಡದೆ ದಾರಿಗೆ ತರುವ ವಿದ್ಯೆ ಕೋಲನ್ನು ಬಿಟ್ಟರೆ ಬೇರೆ ಇದೆಯೇ ಅಂತ ಶಾಲೆಯ ಹಳೆಯ ಪದ್ಯವೊಂದು ಕೇಳುತ್ತದೆ. ಆಮೇಲೆ ಫುಕುಓಕಾ ಆಳುತ್ತಿದ್ದ ಕುರೋದಾ ಮನೆತನ ಈ ವಿದ್ಯೆಯನ್ನು ತನ್ನ ಸೀಮೆಯೊಳಗೇ ಇಟ್ಟುಕೊಂಡಿತು. ಕಾವಲು, ಕಳ್ಳರನ್ನು ಹಿಡಿಯುವ ಕೆಲಸದ ಕೆಳದರ್ಜೆಯ ಸೈನಿಕರು ಕಲಿತರು. ಕತ್ತಿ ನಿಷೇಧದ ನಂತರದ ಕಷ್ಟಕಾಲದಲ್ಲಿ ಫುಕುಓಕಾದ ಹಕಾಟಾ ಭಾಗದ ಶಿರಾಇಶಿ ಹಂಜಿರೋ ಇದನ್ನು ಬಿಡದೆ ಉಳಿಸಿಕೊಂಡರು. ಅವರು ತೀರಿಕೊಂಡಿದ್ದು 1927ರಲ್ಲಿ. ಅವರ ಶಿಷ್ಯ ಶಿಮಿಜು ತಕಾಜಿ ಟೋಕಿಯೋಗೆ ಹೋಗಿ ಅಲ್ಲಿನ ಪೊಲೀಸರಿಗೆ ಕಲಿಸಿದರು. ಜಪಾನಿನ ಪೊಲೀಸರ ಕೈಯಲ್ಲಿ ಕಾಣುವ ಉದ್ದ ಕೋಲಿನ ಹಿಂದೆ ಇದೇ ವಿದ್ಯೆ ಇದೆ.

ಇತಿಹಾಸ ಇಷ್ಟು ಸಾಕು. ಸೇರಿದ ಕತೆಗೆ ಬರುತ್ತೇನೆ.

ಹೋಗಿ ಫೀಸು ಕಟ್ಟಿ ಸೇರುವ ಹಾಗಿಲ್ಲ. ಮೊದಲು ಯಾರಾದರೂ ಪರಿಚಯ ಮಾಡಿಕೊಡಬೇಕು. ನನಗೆ ಆಫೀಸಿನ ಹಿರಿಯರೊಬ್ಬರು ಮಾಡಿಕೊಟ್ಟರು. ಅವರ ಸೋದರಮಾವ ಅಲ್ಲಿ ಕಲಿತವರಂತೆ. ಪರಿಚಯ ಮಾಡಿಸಿದವರ ಮರ್ಯಾದೆಯೂ ನಮ್ಮ ಜೊತೆ ಒಳಗೆ ಬರುತ್ತದೆ. ನಾವು ಅಲ್ಲಿ ತಪ್ಪು ನಡೆದುಕೊಂಡರೆ ತಲೆ ತಗ್ಗಿಸಬೇಕಾದವರು ಅವರು. ಸಂಬಂಧ ನೋಡಿ ಮನೆಗೆ ಕರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೊದಲ ದಿನ ಬರೀ ನೋಡುವುದು. ಇದಕ್ಕೆ 'ಕೆಂಗಾಕು' ಅನ್ನುತ್ತಾರೆ. ಮರದ ನೆಲದ ಒಂದು ಮೂಲೆಯಲ್ಲಿ ಮಂಡಿ ಮಡಿಸಿ ಕೂತೆ. ಎರಡು ಗಂಟೆ ಯಾರೂ ನನ್ನ ಕಡೆ ತಿರುಗಲಿಲ್ಲ. ಹತ್ತೇ ಜನ ಇದ್ದರು. ಕಾಲೇಜು ಹುಡುಗಿ ಒಬ್ಬಳು, ಬ್ಯಾಂಕಿನವರು ಒಬ್ಬರು, ಕೂದಲು ಪೂರ್ತಿ ನೆರೆತ ಇಬ್ಬರು ಹೆಂಗಸರು. ಇಬ್ಬಿಬ್ಬರು ಎದುರುಬದುರು ನಿಲ್ಲುತ್ತಿದ್ದರು. ಒಬ್ಬರ ಕೈಯಲ್ಲಿ ಕೋಲು, ಇನ್ನೊಬ್ಬರ ಕೈಯಲ್ಲಿ 'ಬೊಕುತೋ' ಅನ್ನುವ ಮರದ ಕತ್ತಿ. ಹೊಡೆಯುವಾಗ "ಏಯ್", ತಿವಿಯುವಾಗ "ಹೋ" ಅನ್ನುವ ಕೂಗು. ಆ ಕೂಗು ಬಿಟ್ಟರೆ ಒಂದು ಮಾತಿಲ್ಲ.

ಅವತ್ತು ಒಂದು ವಿಷಯ ನನಗೆ ಅರ್ಥವೇ ಆಗಲಿಲ್ಲ. ಸೆನ್ಸೇ ಅವರಿಗೆ ಆಗ 74. ಎಲ್ಲರಿಗಿಂತ ಹೆಚ್ಚು ತಿಳಿದವರು. ಆದರೆ ಎರಡು ಗಂಟೆಯಲ್ಲಿ ಅವರು ಒಂದು ಸಲವೂ ಗೆಲ್ಲಲಿಲ್ಲ. ಪ್ರತಿ ಸಲ ಕತ್ತಿ ಹಿಡಿದು ಬರುವವರು ಅವರು. ಹೊಡೆತ ತಿನ್ನುವವರು ಅವರು. ಕೊನೆಗೆ ಕೋಲಿನ ತುದಿ ಹುಬ್ಬುಗಳ ನಡುವೆ ಬಂದು ನಿಂತಾಗ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುವವರೂ ಅವರೇ. ಆ ಕಾಲೇಜು ಹುಡುಗಿಯ ಎದುರೂ ಸೋತರು.

ತರಗತಿ ಮುಗಿದ ಮೇಲೆ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು. "ಜಪಾನಿನಲ್ಲಿ ಎಷ್ಟು ವರ್ಷ ಇರುತ್ತೀರಿ?" ಮೂರು ವರ್ಷದ ಕೆಲಸ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮುಂದಿನ ವಾರವೂ ಬಂದು ನೋಡಿ" ಅಂದರು. ಹಾಗೆ ನಾಲ್ಕು ವಾರ ನೋಡಿದೆ. ಆಗ ಬೇಜಾರಾಗಿತ್ತು, ನಿಜ. ಆಮೇಲೆ ಗೊತ್ತಾಯಿತು, ನೋಡುವುದೂ ಅಲ್ಲಿ ಅಭ್ಯಾಸವೇ. ಅದಕ್ಕೊಂದು ಹೆಸರೂ ಇದೆ, 'ಮಿತೋರಿ ಗೇಇಕೋ', ಕಣ್ಣಿನಿಂದ ಎತ್ತಿಕೊಳ್ಳುವ ಅಭ್ಯಾಸ. ಮೊಣಕೈಗೆ ಪೆಟ್ಟಾಗಿ ಎರಡು ತಿಂಗಳು ಕೋಲು ಹಿಡಿಯಲಾಗದೆ ಬರೀ ನೋಡುತ್ತಾ ಕೂತಿದ್ದಾಗ ನಾನು ಕಲಿತಷ್ಟು ಬೇರೆ ಯಾವಾಗಲೂ ಕಲಿತಿಲ್ಲ.

ಐದನೇ ವಾರ ಶಾಲೆಗೆ ಸೇರಿಸಿಕೊಂಡರು. ಇದಕ್ಕೆ 'ನ್ಯೂಮೊನ್' ಅನ್ನುತ್ತಾರೆ, ಬಾಗಿಲು ದಾಟುವುದು ಅಂತ. ಕೆಲವು ಶಾಲೆಗಳಲ್ಲಿ ಈ ಹೊತ್ತಿಗೆ ಪ್ರಮಾಣ ಇರುತ್ತದೆ. ಚಿಬಾ ಪ್ರಾಂತ್ಯದ ಕತೋರಿ ದೇವಸ್ಥಾನದ ಹತ್ತಿರ ಬೆಳೆದ ಕತೋರಿ ಶಿಂತೋ ರ್‍ಯೂ, 15ನೇ ಶತಮಾನದ್ದು, ಉಳಿದಿರುವ ಶಾಲೆಗಳಲ್ಲಿ ತುಂಬಾ ಹಳೆಯದು. ಅಲ್ಲಿ ಸೇರುವವರು ಬೆರಳು ಚುಚ್ಚಿಕೊಂಡು ತಮ್ಮ ಹೆಸರಿನ ಮೇಲೆ ರಕ್ತದ ಗುರುತು ಒತ್ತುವ ಪದ್ಧತಿ ಇದೆ. ಇಲ್ಲಿ ಕಲಿತದ್ದನ್ನು ಅಪ್ಪಣೆ ಇಲ್ಲದೆ ಹೊರಗೆ ತೋರಿಸುವುದಿಲ್ಲ, ಜೂಜಾಡುವುದಿಲ್ಲ ಅಂತೆಲ್ಲ ಮಾತು ಕೊಡಬೇಕು. ನಮ್ಮ ಸೆನ್ಸೇ ಅಂಥದ್ದೇನೂ ಕೇಳಲಿಲ್ಲ. ಅಪಘಾತ ವಿಮೆಯ ಅರ್ಜಿ ತುಂಬಿಸಿಕೊಂಡರು. ತಿಂಗಳ ಫೀಸನ್ನು ಲಕೋಟೆಯಲ್ಲಿ ಹಾಕಿ, ಎರಡೂ ಕೈಯಲ್ಲಿ ಕೊಡಬೇಕು ಅಂತ ಆ ಹುಡುಗಿ ನನಗೆ ಮೆತ್ತಗೆ ಹೇಳಿಕೊಟ್ಟಳು. ನೋಟು ಮಡಿಕೆ ಇಲ್ಲದ ಹೊಸದಾಗಿದ್ದರೆ ಒಳ್ಳೆಯದು ಅಂದಳು. ಆಮೇಲೆ ಒಂದು ಬಟ್ಟೆ ಕೊಟ್ಟಳು, ನೆಲ ಒರೆಸಲು.

ನೆಲ ಒರೆಸುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಬಿಟ್ಟುಹೋಗುವುದು ಇಲ್ಲೇ. ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ, ನಾಲ್ಕು ಮಡಿಕೆ ಮಾಡಿ ನೆಲದ ಮೇಲೆ ಇಟ್ಟು, ಎರಡೂ ಅಂಗೈ ಅದರ ಮೇಲೆ ಊರಿ, ಸೊಂಟ ಮೇಲೆತ್ತಿ, ಗೋಡೆಯಿಂದ ಗೋಡೆಗೆ ಓಡಬೇಕು. ಎಲ್ಲರೂ ಸಾಲಾಗಿ. ಬ್ಯಾಂಕಿನವರೂ ಓಡುತ್ತಾರೆ. ಮೊದಲ ದಿನ ಎರಡನೇ ಸುತ್ತಿಗೇ ನನ್ನ ತೊಡೆ ನಡುಗಿತು. ಮೂರನೇ ತಿಂಗಳಿಗೆ ಇದರಿಂದ ಆಗಿದ್ದೇನು ಅಂದರೆ, ಆ ನೆಲ ನನಗೆ ಪರಿಚಯವಾಯಿತು. ಎಲ್ಲಿ ಹಲಗೆ ಎದ್ದಿದೆ, ಎಲ್ಲಿ ಕಾಲು ಜಾರುತ್ತದೆ, ಕಿಟಕಿಯ ಬಳಿ ಎಲ್ಲಿ ತೇವ ಇರುತ್ತದೆ, ಎಲ್ಲ ಗೊತ್ತಾಯಿತು. ಬರಿಗಾಲಲ್ಲಿ ಮರದ ಕತ್ತಿಯ ಎದುರು ನಿಂತವನಿಗೆ ಇದು ದೊಡ್ಡ ವಿಷಯ.

ನಮ್ಮ ಗರಡಿ ಮನೆಗೆ ಕಾಲಿಡುವಾಗ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರಲ್ಲ, ಅಲ್ಲಿ ಹೊಸ್ತಿಲಲ್ಲಿ ಬಾಗುತ್ತಾರೆ. ಅಭ್ಯಾಸದ ಆ ಜಾಗಕ್ಕೆ ಹೇಳುವ 'ಡೋಜೋ' ಅನ್ನುವ ಮಾತೇ ನಮ್ಮ ದೇಶದಿಂದ ಹೋದದ್ದು. ಬುದ್ಧ ಜ್ಞಾನ ಪಡೆದ ಜಾಗಕ್ಕೆ ಸಂಸ್ಕೃತದಲ್ಲಿ ಬೋಧಿಮಂಡ ಅನ್ನುತ್ತಾರೆ. ಅದನ್ನು ಚೀನೀ ಭಾಷೆಗೆ ತಂದಾಗ ಬಳಸಿದ ಎರಡು ಅಕ್ಷರವೇ ಜಪಾನಿಗೆ ಹೋಗಿ ಡೋಜೋ ಆಯಿತು. ಇದು ಗೊತ್ತಾದ ದಿನದಿಂದ ಹೊಸ್ತಿಲಲ್ಲಿ ನನ್ನ ತಲೆ ಇನ್ನಷ್ಟು ಬಾಗಿತು.

ಕಲಿಕೆ ಶುರುವಾಗುವುದು ಹನ್ನೆರಡು ಮೂಲ ಹೊಡೆತಗಳಿಂದ. ಅವನ್ನು ಹೀಗೆ ಜೋಡಿಸಿಕೊಟ್ಟವರು ನಾನು ಆಗಲೇ ಹೇಳಿದ ಶಿಮಿಜು. ಮೊದಲು ಒಬ್ಬರೇ ಮಾಡಬೇಕು, ಆಮೇಲೆ ಕತ್ತಿಯವರ ಎದುರು. ಮೊದಲ ಹೊಡೆತ 'ಹೊಂತೇ ಉಚಿ'. ಅದೊಂದನ್ನೇ ನಾನು ಸುಮಾರು ಎರಡು ತಿಂಗಳು ಮಾಡಿದೆ. ಮೂರನೆಯದು 'ಹಿಕಿಓತೋಶಿ ಉಚಿ', ಎದುರಿನ ಕತ್ತಿಯನ್ನು ಕೆಳಗೆ ಬಡಿದು ಬದಿಗೆ ತಳ್ಳುವುದು. ಇದು ಸರಿಯಾದರೆ 'ಟಕ್' ಅಂತ ಒಣ ಸದ್ದು ಬರುತ್ತದೆ, ಕತ್ತಿ ಎದುರಿನವರ ಕೈಯಿಂದ ತಾನೇ ಹೊರಟಂತೆ ಹಿಂದಕ್ಕೆ ಹಾರುತ್ತದೆ. ತಪ್ಪಾದರೆ 'ಧಪ್' ಅನ್ನುತ್ತದೆ, ನಮ್ಮ ಮಣಿಕಟ್ಟೇ ಉರಿಯುತ್ತದೆ. ತೋಳಿನ ಬಲ ಹಾಕಿದಷ್ಟೂ 'ಧಪ್'. ನನಗೆ ಮೊದಲ 'ಟಕ್' ಕೇಳಿಸಿದ್ದು ಎರಡನೇ ವರ್ಷದಲ್ಲಿ. ಆಮೇಲೆ ಮತ್ತೆ ಹೋಯಿತು, ಮತ್ತೆ ಬಂತು.

ಇದಾದ ಮೇಲೆ 'ಕತಾ'. ಇಬ್ಬರ ನಡುವೆ ಮೊದಲೇ ಗೊತ್ತುಮಾಡಿದ ಕಾದಾಟ. ಶಾಲೆಯಲ್ಲಿ ಅಂಥವು ಅರವತ್ತಕ್ಕೂ ಜಾಸ್ತಿ ಇವೆ. ಮೊದಲ ಗುಂಪಿನಲ್ಲಿ ಹನ್ನೆರಡು. ಅವುಗಳ ಹೆಸರು ಕೇಳಿದರೇ ನನಗೆ ಖುಷಿ: ಕತ್ತಿ ಬೀಳಿಸುವುದು, ಮಂಜು, ಟೋಪಿಯ ಕೆಳಗೆ, ಒಂದು ನಮಸ್ಕಾರ, ಮಲಗುವ ಕೋಣೆಯೊಳಗೆ, ಕಿರುದಾರಿ. ಇಕ್ಕಟ್ಟಿನ ದಾರಿಯಲ್ಲಿ ಕೋಲು ಬೀಸಲು ಜಾಗವಿಲ್ಲದಾಗ ಏನು ಮಾಡುತ್ತೀ ಅನ್ನುವುದು ಕಿರುದಾರಿಯ ಪಾಠ.

ಸಭೆಯಲ್ಲಿ ಒಬ್ಬರು ಇಲ್ಲಿ ಕೇಳಿದರು: "ಎಲ್ಲ ಮೊದಲೇ ಗೊತ್ತಿದ್ದರೆ ಅದು ನಾಟಕ ಆಗಲ್ವಾ?"

ಒಳ್ಳೆಯ ಪ್ರಶ್ನೆ. ನಾನೂ ಮೊದಲ ವರ್ಷ ಹಾಗೇ ಅಂದುಕೊಂಡಿದ್ದೆ. ಕತ್ತಿಯ ಕಡೆ ನಿಲ್ಲುವವರನ್ನು 'ಉಚಿದಾಚಿ' ಅನ್ನುತ್ತಾರೆ. ಆ ಜಾಗ ಯಾವಾಗಲೂ ಹಿರಿಯರದು. ದೂರ ಎಷ್ಟಿರಬೇಕು, ಯಾವ ಕ್ಷಣದಲ್ಲಿ ಮುನ್ನುಗ್ಗಬೇಕು, ಎಷ್ಟು ಜೋರಾಗಿ ಅನ್ನುವುದೆಲ್ಲ ಅವರ ಕೈಯಲ್ಲಿ. ಮುಂದಿನ ಹೊಡೆತ ತಲೆಗೆ ಅಂತ ನನಗೆ ಗೊತ್ತು. ಆದರೆ ಅದು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲ. ತಲೆಗೆ ಶಿರಸ್ತ್ರಾಣವಿಲ್ಲ, ಕೈಗೆ ಕವಚವಿಲ್ಲ. ಸೆನ್ಸೇ ಕತ್ತಿ ಎತ್ತಿ ನಿಂತರೆ ಕೋಣೆಯ ಗಾಳಿಯೇ ಗಟ್ಟಿಯಾದಂತೆ ಅನ್ನಿಸುತ್ತಿತ್ತು. ನಾನು ಅರ್ಧ ಕ್ಷಣ ಮೊದಲೇ ಸರಿದರೆ ಅವರ ಕತ್ತಿ ನಾನು ಸರಿದ ಕಡೆಗೇ ತಿರುಗಿ ಕಿವಿಯ ಪಕ್ಕ ನಿಲ್ಲುತ್ತಿತ್ತು. "ಬೇಗ ಆಯಿತು" ಅನ್ನುತ್ತಿದ್ದರು. ತಡಮಾಡಿದರೆ ನೆತ್ತಿಯ ಮೇಲೆ ಒಂದು ಬೆರಳಗಲ ಬಿಟ್ಟು ನಿಲ್ಲುತ್ತಿತ್ತು. "ತಡವಾಯಿತು" ಅನ್ನುತ್ತಿದ್ದರು. ಸರಿಯಾದಾಗ ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಸೋಲುತ್ತಿದ್ದರು.

ಹೊಸಬನ ಎದುರು ನಿಧಾನವಾಗಿ ಬರುತ್ತಾರೆ. ಅವನು ಸ್ವಲ್ಪ ಕಲಿತ ಹಾಗೆ ವೇಗ ಹೆಚ್ಚಿಸುತ್ತಾರೆ. ಅವನು ಇನ್ನೇನು ಸೋಲಬೇಕು ಅನ್ನುವ ಅಂಚಿಗೆ ತಂದು, ಗೆಲ್ಲುವುದು ಹೇಗೆ ಅಂತ ಮೈಗೆ ತೋರಿಸುತ್ತಾರೆ. ಕಲಿಸುವವರು ಗೆದ್ದು ತೋರಿಸುವ ಶಾಲೆಗಳಲ್ಲೇ ನಾವೆಲ್ಲ ಬೆಳೆದವರು. ಮೇಷ್ಟ್ರು ಲೆಕ್ಕ ಬಿಡಿಸುತ್ತಾರೆ, ನಾವು ನೋಡುತ್ತೇವೆ. ಇಲ್ಲಿ ಐವತ್ತು ವರ್ಷ ಅಭ್ಯಾಸ ಮಾಡಿದ ಒಬ್ಬರು, ಕೋಲು ಹಿಡಿಯಲು ಬಾರದ ನನ್ನಂಥವನ ಎದುರು, ವಾರಕ್ಕೆ ಮೂರು ದಿನ, ಪೂರ್ತಿ ಮನಸ್ಸಿಟ್ಟು ಸೋಲುತ್ತಿದ್ದರು. ಬೇಕಾಬಿಟ್ಟಿ ಸೋತರೆ ಕಲಿಯುವವನು ಏನೂ ಕಲಿಯುವುದಿಲ್ಲ. ಅದಕ್ಕೇ ಅಲ್ಲಿ ಕತ್ತಿಯ ಕಡೆ ಕಷ್ಟ ಜಾಸ್ತಿ. ನನಗೆ ಆ ಶಾಲೆಯ ಬಗ್ಗೆ ಇರುವ ಗೌರವವೆಲ್ಲ ಈ ಒಂದು ಏರ್ಪಾಟಿನಿಂದ ಬಂದದ್ದು.

ಸೆನ್ಸೇ ಅವರ ಬೊಕುತೋ ಒಂದು ಸಲ ಕೈಗೆ ಸಿಕ್ಕಿತ್ತು. ಒರೆಸಿಡಲು ಕೊಟ್ಟಿದ್ದರು. ಅಲಗಿನ ಎಡಪಕ್ಕದಲ್ಲಿ, ತುದಿಯಿಂದ ಒಂದು ಗೇಣು ಕೆಳಗೆ, ಮರ ತಗ್ಗಾಗಿತ್ತು. ಹೆಬ್ಬೆರಳು ಇಟ್ಟರೆ ಕೂರುವಷ್ಟು ತಗ್ಗು. ಒಂದೊಂದಾಗಿ ನೋಡಿದರೆ ಬರೀ ಸಣ್ಣ ಸಣ್ಣ ಗುಳಿಗಳು, ಒಂದರ ಮೇಲೊಂದು. ಹಿಕಿಓತೋಶಿ ಹೊಡೆತ ಬೀಳುವ ಜಾಗ ಅದು. ಅವರು ಕಲಿಸಿದವರೆಲ್ಲರ 'ಧಪ್' ಮತ್ತು 'ಟಕ್' ಅಲ್ಲೇ ಇದ್ದವು.

ನೀವು ಯಾರಾದರೂ ಇಂಥ ಶಾಲೆ ಹುಡುಕುವುದಾದರೆ ಎರಡು ಮಾತು ಹೇಳುತ್ತೇನೆ. ಹಳೆಯ ಜಪಾನಿ ವಿದ್ಯೆ ಅನ್ನುವ ಬೋರ್ಡು ಹಾಕಿಕೊಂಡವರೆಲ್ಲ ಅದನ್ನು ಕಲಿತವರಲ್ಲ. ನಿಮ್ಮ ಗುರುಗಳು ಯಾರು, ಅವರ ಗುರುಗಳು ಯಾರು, ಕಲಿಸಲು ನಿಮಗೆ ಅಪ್ಪಣೆ ಕೊಟ್ಟವರು ಯಾರು ಅಂತ ಮರ್ಯಾದೆಯಿಂದ ಕೇಳಿ. ನಿಜವಾಗಿ ಕಲಿತವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಸಂತೋಷದಿಂದ ಹೇಳುತ್ತಾರೆ. ಇನ್ನೊಂದು, ನೆಲದ ಮೇಲೆ ಕೂರುವ ಅಭ್ಯಾಸ ನಮಗೆ ಇದೆ ಅಂತ ಮಂಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಕ್ಕಂಬಕ್ಕಳ ಬೇರೆ, ಮಂಡಿ ಮಡಿಸಿ ಹಿಮ್ಮಡಿ ಮೇಲೆ ಕೂರುವ ಅವರ 'ಸೇಝಾ' ಬೇರೆ. ನೋವಿದ್ದರೆ ಮೊದಲೇ ಹೇಳಿಬಿಡಿ. ಹೇಳಿದ್ದಕ್ಕೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಸ್ಟೂಲು ಕೊಡುತ್ತಾರೆ. ವಯಸ್ಸಿನ ಯೋಚನೆ ಬೇಡ. ನಮ್ಮಲ್ಲಿ ಒಬ್ಬರು 61ಕ್ಕೆ ಸೇರಿದ್ದರು.

ಮೂರು ವರ್ಷಕ್ಕೆ ಅಂತ ಹೋದವನು ಆರು ವರ್ಷ ಉಳಿದೆ. ಹೊರಡುವ ಮೊದಲು ಹೋಮನ್ ಬೆಟ್ಟ ಹತ್ತಿದೆ. 829 ಮೀಟರ್, ಬಹುಪಾಲು ಕಲ್ಲಿನ ಮೆಟ್ಟಿಲು. ಬುಡದಲ್ಲಿ ಕಮಾದೋ ದೇವಸ್ಥಾನ, ಅದರ ಆವರಣದಲ್ಲೇ ಗೊನ್ನೊಸುಕೆಗೆ ಒಂದು ಪುಟ್ಟ ಗುಡಿ. ಕೋಲನ್ನು ಎದುರಿಗಿಟ್ಟು ಕೈಮುಗಿದೆ.

ಅದಕ್ಕೂ ಒಂದು ವಾರ ಹಿಂದಿನ ಮಾತು. ನನ್ನ ಕೊನೆಯ ತರಗತಿಗಳಲ್ಲಿ ಒಂದು. ಹೈಸ್ಕೂಲು ಹುಡುಗನೊಬ್ಬ ಹೊಸದಾಗಿ ಸೇರಿದ್ದ. ತೆಳ್ಳಗೆ, ಕಿವಿ ಕೆಂಪಾಗಿತ್ತು. ಮೊದಲ ಸಲ ಕತ್ತಿಯ ಎದುರು ನಿಲ್ಲುವ ದಿನ. ಸೆನ್ಸೇ ಎದ್ದು ಬರುತ್ತಾರೆ ಅಂತ ನಾನು ಪಕ್ಕಕ್ಕೆ ಸರಿದೆ. ಅವರು ಗೋಡೆಯಿಂದ ಬೊಕುತೋ ತೆಗೆದು ನನ್ನ ಕೈಗೆ ಕೊಟ್ಟರು. ತಮ್ಮದಲ್ಲ, ಹೊಸದು. "ನೀನು ನಿಲ್ಲು" ಅಂದರು.

ನಾನು ಕತ್ತಿ ಮುಂದೆ ಹಿಡಿದು ನಿಂತೆ. ಅವನು ಬಡಿದ. ಧಪ್. ಮತ್ತೆ ಬಡಿದ. ಧಪ್. ಪ್ರತಿ ಸಲ ಕತ್ತಿಯನ್ನು ಬದಿಗೆ ಬಿಟ್ಟು, ಹಿಂದೆ ಸರಿದು, ಮತ್ತೆ ಬಂದು ನಿಂತೆ. ಕೊನೆಯಲ್ಲಿ ಕೋಲಿನ ತುದಿ ನನ್ನ ಹುಬ್ಬುಗಳ ನಡುವೆ ಬಂದು ನಿಂತಿತು. ಅದು ನಡುಗುತ್ತಿತ್ತು. ಅದು ನಿಲ್ಲುವವರೆಗೆ ಕಾದು, ಒಂದೊಂದೇ ಹೆಜ್ಜೆ ಹಿಂದೆ ಹೋದೆ.

ರಾತ್ರಿ ಬೊಕುತೋ ಒರೆಸುವಾಗ ದೀಪದ ಹತ್ತಿರ ಹಿಡಿದು ನೋಡಿದೆ. ಎಡಪಕ್ಕದಲ್ಲಿ, ತುದಿಯಿಂದ ಒಂದು ಗೇಣು ಕೆಳಗೆ, ಹೊಸ ಮರದಲ್ಲಿ ಅಕ್ಕಿಕಾಳಿನಷ್ಟು ಒಂದು ಗುಳಿ ಬಿದ್ದಿತ್ತು.